ಬರೆದು ಕೊಡಿ

ಉಷಾರಾಣಿಯ ಹೆಸರನ್ನು ಮೂರು ಸಲ ಕೂಗಿದ್ದರಂತೆ.

ಅಂಗವಿಕಲರ ತಪಾಸಣಾ ಶಿಬಿರ ಅವತ್ತು ಒಂದು ಸಮುದಾಯ ಭವನದಲ್ಲಿತ್ತು. ಕಾಲಿನವರಿಗೆ ಒಂದು ಮೂಲೆ, ಕಣ್ಣಿನವರಿಗೆ ಇನ್ನೊಂದು ಮೂಲೆ, ಕಿವಿಯವರಿಗೆ ಮಾತ್ರ ವೇದಿಕೆಯ ಮೇಲೆ, ಪರದೆಯ ಹಿಂದೆ. ಉಷಾರಾಣಿ ಬೆಳಿಗ್ಗೆ ಒಂಬತ್ತಕ್ಕೇ ಬಂದು ವೇದಿಕೆಯ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಕೈಯಲ್ಲಿ ಟೋಕನ್ ಚೀಟಿ, ಮಡಿಲಲ್ಲಿ ಕಡತದ ಚೀಲ. ಆಗಾಗ ಒಬ್ಬ ಗುಮಾಸ್ತ ಪರದೆ ಸರಿಸಿ ಹೊರಬರುತ್ತಿದ್ದ. ಹಾಳೆ ನೋಡಿಕೊಂಡೇ ಬಾಯಿ ಆಡಿಸಿ ಒಳಗೆ ಹೋಗುತ್ತಿದ್ದ. ಅವನ ತುಟಿ ಹಾಳೆಯ ಹಿಂದೆ ಮರೆಯಾಗಿರುತ್ತಿತ್ತು. ಯಾರಾದರೂ ಎದ್ದರೆ ಸರಿ, ಅದು ತನ್ನ ಹೆಸರಲ್ಲ ಎಂದು ಅವಳು ತಿಳಿದುಕೊಳ್ಳುತ್ತಿದ್ದಳು. ಒಂದೆರಡು ಸಲ ಯಾರೂ ಏಳಲಿಲ್ಲ. ಅವಳು ಅರ್ಧ ಎದ್ದು ನೋಡುವಷ್ಟರಲ್ಲಿ ಪರದೆ ಮುಚ್ಚಿರುತ್ತಿತ್ತು.

ಮೂರೂವರೆಗೆ ಹುಡುಗರು ಕುರ್ಚಿ ಮಡಚತೊಡಗಿದಾಗ ಅವಳು ನೇರ ವೇದಿಕೆ ಹತ್ತಿ ಪರದೆಯ ಒಳಗೆ ಹೋದಳು. ಗುಮಾಸ್ತ ಕಡತಗಳನ್ನು ಕಟ್ಟುತ್ತಿದ್ದ. ಟೋಕನ್ ಚಾಚಿದಳು. ಅವನು ತಲೆ ತಗ್ಗಿಸಿಕೊಂಡೇ ಏನೋ ಹೇಳಿದ.

"ಸಾರ್, ಮುಖ ಎತ್ತಿ ಮಾತಾಡಿ. ನಂಗೆ ಕಿವಿ ಕೇಳಲ್ಲ. ತುಟಿ ನೋಡಿ ತಿಳ್ಕೋತೀನಿ."

ಅವನು ತಲೆಯೆತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ರಿಜಿಸ್ಟರ್ ತಿರುಗಿಸಿ ಬೆರಳಿಟ್ಟು ತೋರಿಸಿದ. ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದಿತ್ತು: ಮೂರು ಬಾರಿ ಕರೆದರೂ ಹಾಜರಾಗಿಲ್ಲ. ಗೈರು.

ಉಷಾರಾಣಿ ಅದನ್ನು ಎರಡು ಸಲ ಓದಿದಳು.

"ಇದು ಕಿವಿ ಕೇಳದೋರ ಸಾಲು ತಾನೆ ಸಾರ್?"

ಹೌದೆಂದು ತಲೆಯಾಡಿಸಿದ.

"ಕಿವಿ ಕೇಳದೋರನ್ನ ಕೂಗಿ ಕರೀತೀರಾ?"

ಗುಮಾಸ್ತನಿಗೆ ನಗು ಬಂತು. ಪಕ್ಕದಲ್ಲಿದ್ದ ನರ್ಸ್‌ಗೂ ಬಂತು. ಒಳ್ಳೆಯ ಜೋಕು ಕೇಳಿದವರ ಹಾಗೆ ಇಬ್ಬರೂ ನಕ್ಕರು. ಆಮೇಲೆ ಅವನು ನಿಧಾನವಾಗಿ, ಬಾಯಿ ಅಗಲಿಸಿ ಹೇಳಿದ: "ಮುಂದಿನ ಶಿಬಿರಕ್ಕೆ ಬಾಮ್ಮ." ಮುಂದಿನ ಶಿಬಿರ ನಾಲ್ಕು ತಿಂಗಳ ಮೇಲಿತ್ತು.

ಬಸ್ಸಿನಲ್ಲಿ ಕುಶಾಲನಗರಕ್ಕೆ ಹಿಂತಿರುಗುವಾಗ ಅವಳು ಟೋಕನ್ ಚೀಟಿಯನ್ನು ಮಡಚಿ ಕಡತದ ಚೀಲದೊಳಗೆ ಇಟ್ಟುಕೊಂಡಳು.

ಉಷಾರಾಣಿ ಹುಟ್ಟು ಕಿವುಡಿಯಲ್ಲ. ಮೂವತ್ತೆಂಟು ವರ್ಷ ಅವಳಿಗೆ ಎಲ್ಲರಂತೆ, ಎಲ್ಲರಿಗಿಂತ ಚೆನ್ನಾಗಿಯೇ ಕೇಳುತ್ತಿತ್ತು. ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಸುತ್ತ ನೆಲೆಯಾದ ಬೇಸಾಯದ ಮನೆತನ ಅವರದು. ಹೆದ್ದಾರಿ ಪಕ್ಕದಲ್ಲಿ ಜೇನು, ಕಾಫಿಪುಡಿ, ಚಾಕಲೇಟು ಮಾರುವ ಅಂಗಡಿಯೊಂದರಲ್ಲಿ ಅವಳು ಹನ್ನೊಂದು ವರ್ಷ ಕೆಲಸ ಮಾಡಿದಳು. ಪ್ರವಾಸಿಗಳ ಕಾರು ನಿಂತ ಕೂಡಲೇ ಒಳಗಿನ ಮಾತು ಕಿವಿಗೆ ಬೀಳಬೇಕು, ಬಾಗಿಲು ತೆಗೆಯುವಷ್ಟರಲ್ಲಿ ಅವರದೇ ಭಾಷೆಯಲ್ಲಿ ಕರೆಯಬೇಕು. ಮಲಯಾಳ, ತಮಿಳು, ತುಳು, ಹಿಂದಿ ಯಾವುದನ್ನೂ ಅವಳು ಓದಿ ಕಲಿತವಳಲ್ಲ. ಎಲ್ಲ ಕಿವಿಯಿಂದಲೇ ಬಂದದ್ದು. ಕೊಡವ ತಕ್ಕಿನಲ್ಲಿ ಚೌಕಾಸಿ ಮಾಡುವ ಅಜ್ಜಿಯರಿಗೆ ಅದೇ ಭಾಷೆಯಲ್ಲಿ ಉತ್ತರ ಕೊಟ್ಟು ನಗಿಸುತ್ತಿದ್ದಳು.

ಒಂದು ಜೂನ್ ತಿಂಗಳಲ್ಲಿ ಮೆದುಳು ಜ್ವರ ಬಂತು. ಹದಿನೇಳು ದಿನ ಆಸ್ಪತ್ರೆ. ಕಣ್ಣು ಬಿಟ್ಟಾಗ ಗಂಡ ಶಿವಪ್ರಕಾಶ್ ಮಂಚದ ಪಕ್ಕ ನಿಂತು ಬಾಯಿ ಆಡಿಸುತ್ತಿದ್ದ, ಸದ್ದೇ ಇರಲಿಲ್ಲ. "ಜೋರಾಗಿ ಹೇಳು" ಎಂದಳು. ತಾನು ಹೇಳಿದ್ದೂ ತನಗೆ ಕೇಳಲಿಲ್ಲ. ಜೀವ ಉಳಿಯಿತು, ಕಿವಿ ಹೋಯಿತು.

ನಿಧಾನವಾಗಿ ತುಟಿ ಓದುವುದನ್ನು ಕಲಿತಳು. ಕನ್ನಡ ಮಾತ್ರ. ಬೇರೆ ಭಾಷೆಗಳ ತುಟಿ ಅವಳಿಗೆ ಸಿಗಲೇ ಇಲ್ಲ. ಅಂಗಡಿಗೆ ಮತ್ತೆ ಹೋದ ಮೂರನೇ ದಿನ ಕಣ್ಣೂರಿನ ಕುಟುಂಬವೊಂದು ಕೇಳಿದ್ದು ಬೇರೆ, ಇವಳು ಕಟ್ಟಿಕೊಟ್ಟದ್ದು ಬೇರೆ ಆಯಿತು. ಮಾಲೀಕ ಒಳ್ಳೆಯವನೇ. ಕೈಮುಗಿದು ಕಳಿಸಿಕೊಟ್ಟ. ಶಿವಪ್ರಕಾಶನ ಶುಂಠಿ ಸಾಗಿಸುವ ಪಿಕಪ್ಪಿಗೆ ವರ್ಷವಿಡೀ ಬಾಡಿಗೆ ಇರುವುದಿಲ್ಲ. ಆಗ ಪಂಚಾಯಿತಿಯವರು ಹೇಳಿದ್ದು: ಅಂಗವಿಕಲರ ಕಾರ್ಡು ಮಾಡಿಸಿಕೊಳ್ಳಿ, ಪಿಂಚಣಿ ಬರುತ್ತೆ, ಬಸ್ ಪಾಸ್ ಸಿಗುತ್ತೆ, ಸ್ವಉದ್ಯೋಗಕ್ಕೆ ಸಾಲವೂ ಸಿಗುತ್ತೆ. ಅದು ಭಿಕ್ಷೆಯಲ್ಲ, ಹಕ್ಕು ಅಂತಲೂ ಹೇಳಿದರು. ಆ ಹಕ್ಕಿಗಾಗಿಯೇ ಅವಳು ಆ ದಿನ ಆರೂವರೆ ಗಂಟೆ ಕೂತಿದ್ದು.

ನಾಲ್ಕು ತಿಂಗಳು ಕಳೆಯುವುದರೊಳಗೆ ಶಿವಪ್ರಕಾಶ್ ಒಂದು ಸಂಜೆ ಜೆರಾಕ್ಸ್ ಅಂಗಡಿಯ ಕೀರ್ತಿಕುಮಾರನನ್ನು ಮನೆಗೆ ಕರೆತಂದ. ಅರ್ಜಿ ತುಂಬುವುದು, ಫೋಟೊ ಅಂಟಿಸುವುದು, ಕಚೇರಿಗಳಲ್ಲಿ 'ನಮ್ಮೋರನ್ನ' ಕಾಣುವುದು, ಇವೇ ಅವನ ನಿಜವಾದ ವ್ಯಾಪಾರ. ಅವನು ಸೋಫಾದಲ್ಲಿ ಕೂತು ಕಡತ ತಿರುವಿ ಹಾಕಿದ.

"ಅಕ್ಕ, ಪೇಪರೆಲ್ಲ ಸರಿಯಾಗೈತೆ. ನಿಮ್ಮ ಪ್ರಾಬ್ಲಮ್ ಒಂದೇ. ನೀವು ಮಾತಾಡ್ತೀರ."

ತಾನು ತುಟಿಯನ್ನು ತಪ್ಪಾಗಿ ಓದಿದೆನೆಂದುಕೊಂಡು ಅವಳು ಗಂಡನ ಕಡೆ ನೋಡಿದಳು. ಅವನು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದ. ಅದೇ ಮಾತು.

"ಮಾತಾಡಿದ್ರೆ ಏನು?"

"ಡಾಕ್ಟ್ರು ನಂಬಲ್ಲ ಅಕ್ಕ. ಇಷ್ಟ್ ನೀಟಾಗಿ ಮಾತಾಡೋರಿಗೆ ಕಿವಿ ಕೇಳಲ್ಲ ಅಂದ್ರೆ ಯಾರು ನಂಬ್ತಾರೆ? ಆವತ್ತೊಂದಿನ ಮೂಗಿ ಥರ ಇದ್ಬಿಡಿ. ಬರೀ ಆ, ಊ ಅಂತ ಕೈ ಆಡ್ಸಿ. ಉಳಿದಿದ್ದು ನಾನು ನೋಡ್ಕೋತೀನಿ."

ಉಷಾರಾಣಿ ಅವನ ಕೈಯಿಂದ ಕಡತ ಕಿತ್ತುಕೊಂಡಳು.

"ನಾನು ಕಿವುಡಿ. ಮೂಗಿ ಅಲ್ಲ. ನಿಜ ಹೇಳಿ ಪಡೀಬೇಕಾದ್ದನ್ನ ಸುಳ್ಳು ಹೇಳಿ ಪಡೀಲಾ? ನಾಳೆ ಯಾರಾದ್ರೂ ನಾನು ಮಾತಾಡಿದ್ದು ಕೇಳಿಸ್ಕೊಂಡ್ರೆ ಕಳ್ಳಿ ಅಂತಾರೆ. ನಾನು ಯಾವ ಕಳ್ಳತನ ಮಾಡಿದೀನಿ?"

ಕೀರ್ತಿಕುಮಾರ್ ಭುಜ ಕುಣಿಸಿ ಎದ್ದು ಹೋದ. ಗಂಡ ಹೆಂಡತಿಗೆ ಜಗಳವಾಯಿತು. ಒಂದೇ ಕಡೆ ಸದ್ದಿದ್ದ ಜಗಳ ಅದು. ಅವನು ಟೈಪ್ ಮಾಡುವುದು, ಇವಳು ಓದಿ ಕೂಗಾಡುವುದು. 'ಒಂದು ಗಂಟೆ ಸುಮ್ಮನಿದ್ದರೆ ನಿನ್ನ ಗಂಟೇನು ಹೋಗ್ತದೆ' ಎಂದು ಅವನು ಬರೆದ. "ಕಿವಿ ಹೋಗಿದೆ. ಇನ್ನು ಬಾಯೂ ಕೊಡಬೇಕಾ?" ಎಂದಳು ಅವಳು. ಅವನು ಮೊಬೈಲು ಮಂಚದ ಮೇಲೆ ಎಸೆದು ಹೊರಗೆ ಹೋದ.

ಮುಂದಿನ ಶಿಬಿರಕ್ಕೆ ಅವನೂ ಜೊತೆಗೆ ಬಂದ, ಹೆಸರು ಕೂಗಿದರೆ ಕೇಳಿಸಿಕೊಳ್ಳಲು. ಅದೇ ಭವನ, ಅದೇ ವೇದಿಕೆ. ಹನ್ನೊಂದೂಕಾಲಕ್ಕೆ ಅವನು ಅವಳ ಮೊಣಕೈ ತಟ್ಟಿದ. ವೇದಿಕೆಯ ಮೇಲೆ ಚಪ್ಪಲಿ ಬಿಡಬೇಕೆಂದು ಸನ್ನೆ ಮಾಡಿದರು. ಮರದ ಹಲಗೆಯ ಮೇಲೆ ಬರಿಗಾಲಿನಲ್ಲಿ ನಡೆದು ಹೋಗಿ ಡಾಕ್ಟರ ಎದುರು ಕೂತಳು. ಶಿವಪ್ರಕಾಶ್ ಪರದೆಯ ಒಳಗೇ ಒಂದು ಬದಿಗೆ ನಿಂತ. ಅವರು ಮಾಸ್ಕ್ ಹಾಕಿಕೊಂಡಿದ್ದರು.

"ಸಾರ್, ದಯವಿಟ್ಟು ಮಾಸ್ಕ್ ತೆಗೀರಿ. ತುಟಿ ಕಾಣ್ತಾ ಇಲ್ಲ."

ಡಾಕ್ಟರು ಮಾಸ್ಕ್ ಗಲ್ಲಕ್ಕೆ ಇಳಿಸಿದರು. "ತುಂಬ ಚೆನ್ನಾಗಿ ಮಾತಾಡ್ತೀರಲ್ಲ."

"ಜ್ವರ ಬರೋ ತನಕ ಕೇಳ್ತಿತ್ತು ಸಾರ್. ಮಾತು ಮರ್ತಿಲ್ಲ."

"ಈಗ ನಾನು ಹೇಳಿದ್ದು ಕೇಳಿಸ್ತಲ್ಲ?"

"ಕೇಳಿಸಲಿಲ್ಲ. ಕಾಣಿಸ್ತು."

ಅವರು ಏನೋ ಬರೆದುಕೊಂಡರು. ಮಾಸ್ಕ್ ಮೇಲೇರಿತು. ಕಿವಿಯೊಳಗೆ ಟಾರ್ಚ್ ಬಿಟ್ಟು ನೋಡಿದರು. ಮೆದುಳು ಜ್ವರದ ಡಿಸ್ಚಾರ್ಜ್ ಕಾಗದವನ್ನು ಬಿಡಿಸಲೇ ಇಲ್ಲ. ನರ್ಸ್ ಕಡೆಗೆ ಕಣ್ಣು ಹೊಡೆದ ಹಾಗಾಯಿತು. ಸ್ವಲ್ಪ ಹೊತ್ತಿನಲ್ಲಿ ಕಾಲಿನ ಕೆಳಗಿನ ಹಲಗೆ ಅದುರಿತು. ಉಷಾರಾಣಿ ತಟ್ಟನೆ ತಿರುಗಿ ನೋಡಿದಳು. ಹಿಂದೆ ಸ್ಟೀಲಿನ ಟ್ರೇ ಬಿದ್ದಿತ್ತು. ಪಾಪ, ಕೈಜಾರಿತೇನೋ ಎಂದು ಅವಳು ಬಗ್ಗಿ ಅದನ್ನು ಎತ್ತಿಕೊಟ್ಟಳು.

ಇಪ್ಪತ್ತೆರಡು ದಿನದ ಮೇಲೆ ಪತ್ರ ಬಂತು. 'ಅರ್ಜಿದಾರರು ಶಬ್ದಕ್ಕೆ ಪ್ರತಿಕ್ರಿಯಿಸಿರುತ್ತಾರೆ. ಸಂಭಾಷಣೆ ಸಹಜವಾಗಿರುತ್ತದೆ. ಅಂಗವೈಕಲ್ಯ ಪ್ರಮಾಣ ಶೇಕಡ ಮೂವತ್ತು. ನಲವತ್ತಕ್ಕಿಂತ ಕಡಿಮೆ ಇರುವುದರಿಂದ ಸೌಲಭ್ಯಕ್ಕೆ ಅರ್ಹರಿರುವುದಿಲ್ಲ.'

ಅಂಗಳದಲ್ಲಿ ನಿಂತು ಓದಿದ ಅವಳಿಗೆ ಮೊದಲು ಏನೂ ಹೊಳೆಯಲಿಲ್ಲ. ಯಾವ ಶಬ್ದ? ಯಾವ ಪ್ರತಿಕ್ರಿಯೆ? ಆಮೇಲೆ ಆ ಟ್ರೇ ನೆನಪಾಯಿತು. ತಾನು ಬಗ್ಗಿ ಎತ್ತಿಕೊಟ್ಟದ್ದೂ ನೆನಪಾಯಿತು.

"ಬೇಕಂತಲೇ ಬೀಳ್ಸಿದ್ರಾ?" ಎಂದು ಗಂಡನನ್ನು ಕೇಳಿದಳು.

ಶಿವಪ್ರಕಾಶ್ ಪಿಕಪ್ಪಿನ ಗಾಜು ಒರೆಸುತ್ತಿದ್ದ. ಅವನ ಕೈ ನಿಂತಿತು.

"ನೀನು ನೋಡಿದ್ಯಾ?"

ಅವನು ಒರೆಸುವ ಬಟ್ಟೆಯನ್ನು ಹಿಂಡಿ ಬಾನೆಟ್ಟಿನ ಮೇಲೆ ಹಾಕಿದ. ಆಮೇಲೆ ಅವಳತ್ತ ತಿರುಗಿ, ತುಟಿ ಕಾಣುವ ಹಾಗೆ ಹೇಳಿದ: "ನೋಡ್ದೆ. ಡಾಕ್ಟ್ರು ಸನ್ನೆ ಮಾಡುದ್ರು, ಆಯಮ್ಮ ಎತ್ತಿ ಹಾಕುದ್ಲು. ಅವರ ಪರೀಕ್ಷೆನೇ ಹಂಗೇನೋ ಅಂದ್ಕಂಡೆ. ಡಾಕ್ಟ್ರಿಗೆ ಎದುರು ಏನ್ ಹೇಳಾದು?"

"ಹಲಗೆ ಅದುರ್ತು ಅಂತ ಹೇಳಾದು. ನಿಂಗೂ ಕಾಲಿತ್ತಲ್ಲ, ಅದುರಿದ್ದು ಗೊತ್ತಾಗ್ಲಿಲ್ವಾ?"

ಅವನು ಮತ್ತೆ ಗಾಜು ಒರೆಸತೊಡಗಿದ. ಅವಳು ಆ ದಿನ ಅವನ ಜೊತೆ ಮತ್ತೆ ಮಾತಾಡಲಿಲ್ಲ.

ಪತ್ರದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಮಾತಿತ್ತು: ತೊಂಬತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅದನ್ನು ಹಿಡಿದುಕೊಂಡು ಶಿವಪ್ರಕಾಶ್ ಒಬ್ಬ ವಕೀಲರ ಮನೆಬಾಗಿಲಿಗೆ ಹೋಗಿಬಂದ. ಅವರು ಕೇಳಿದ ಫೀಸನ್ನು ಅವನು ಹೆಂಡತಿಗೆ ಹೇಳಲಿಲ್ಲ. ಅವಳು ಅವನ ಮುಖ ನೋಡಿಯೇ ತಿಳಿದುಕೊಂಡಳು.

"ಬೇಡ. ಕಿವಿ ನಂದು. ನನ್ನ ಕಿವಿ ವಿಷ್ಯ ನಂಗಿಂತ ಚೆನ್ನಾಗಿ ಯಾವ ವಕೀಲ್ರಿಗೆ ಗೊತ್ತು? ನಾನೇ ಬರೀತೀನಿ."

ಪಿಯುಸಿವರೆಗೆ ಓದಿದವಳು ಅವಳು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೂತು ಅಂಗವಿಕಲರ ಕಾಯ್ದೆಯ ಕನ್ನಡ ಪ್ರತಿ ಹುಡುಕಿದಳು. ಮೂರು ಮಧ್ಯಾಹ್ನ ಬೇಕಾಯಿತು. ಮಾತಿಗೂ ಕಿವಿಗೂ ಸಂಬಂಧ ಕಟ್ಟಿ ತೀರ್ಮಾನ ಕೊಡಬಹುದೆಂದು ಎಲ್ಲೂ ಇರಲಿಲ್ಲ. ಟ್ರೇ ಬೀಳಿಸುವ ಪರೀಕ್ಷೆಯೂ ಎಲ್ಲೂ ಇರಲಿಲ್ಲ. ಅನುಮಾನವಿದ್ದರೆ ತಲೆಗೆ ತಂತಿ ಅಂಟಿಸಿ, ಶಬ್ದ ಮೆದುಳಿಗೆ ತಲುಪುತ್ತದೋ ಇಲ್ಲವೋ ಎಂದು ಯಂತ್ರವೇ ಅಳೆಯುವ ಪರೀಕ್ಷೆಯೊಂದಿದೆ ಎಂದು ತಿಳಿಯಿತು. ಅದರಲ್ಲಿ ರೋಗಿ ನಟಿಸಲಾರ. ಡಾಕ್ಟರೂ ನಟಿಸಲಾರರು ಎಂದು ಅವಳು ಮನಸ್ಸಿನಲ್ಲಿ ಸೇರಿಸಿಕೊಂಡಳು.

ಅಡುಗೆಮನೆಯ ಮೇಜಿನ ಮೇಲೆ ಗೆರೆ ಹಾಕಿದ ಹಾಳೆ ಹರವಿ ಬರೆದಳು. ನಾಲ್ಕು ಪುಟ. ಮೊದಲ ಪುಟದಲ್ಲಿ ವಿನಯವಿತ್ತು. ಎರಡನೆಯದಕ್ಕೆ ಬರುವಷ್ಟರಲ್ಲಿ ಅದು ಉಳಿದಿರಲಿಲ್ಲ.

'ನಾನು ಮಾತಾಡುತ್ತೇನೆ ಎಂಬುದೇ ನನ್ನ ಮೇಲಿನ ಆರೋಪವಾಗಿದೆ. ಮೂವತ್ತೆಂಟು ವರ್ಷ ಕೇಳಿ ಬದುಕಿದವಳು ನಾನು. ಕಾಲು ಕಳೆದುಕೊಂಡವನು ತಾನು ನಡೆಯುತ್ತಿದ್ದ ದಾರಿಯನ್ನೂ ಮರೆತರೆ ಮಾತ್ರ ನೀವು ಅವನನ್ನು ಕುಂಟನೆಂದು ಒಪ್ಪುತ್ತೀರಾ? ಮೊದಲ ಶಿಬಿರದಲ್ಲಿ ಕೂಗಿದಾಗ ನಾನು ಬರಲಿಲ್ಲವೆಂದು ಗೈರು ಹಾಕಿದಿರಿ. ಎರಡನೆಯದರಲ್ಲಿ ನನಗೆ ಕೇಳಿಸುತ್ತದೆ ಎಂದು ಬರೆದಿರಿ. ಕೇಳಿಸುವುದಾದರೆ ಮೊದಲ ದಿನ ಎದುರಿನ ಕುರ್ಚಿಯಲ್ಲೇ ಕೂತಿದ್ದವಳು ಯಾಕೆ ಏಳಲಿಲ್ಲ? ಎರಡರಲ್ಲಿ ಒಂದು ಸುಳ್ಳು. ಯಾವುದು ಎಂದು ತಿಳಿಸಬೇಕಾಗಿ ಕೋರುತ್ತೇನೆ.'

ಹಲಗೆ ಅದುರಿದ್ದನ್ನು ಬರೆದಳು, ಬರಿಗಾಲಿನಲ್ಲಿದ್ದದ್ದನ್ನು ಬರೆದಳು. 'ಆ ಟ್ರೇ ನೆಲಕ್ಕೆ ಬಿದ್ದಿದ್ದನ್ನು ನನ್ನ ಕಾಲು ಕೇಳಿತು, ಕಿವಿಯಲ್ಲ' ಎಂದು ಬರೆದಳು. ಮುಗಿಸಿ ಸಹಿ ಹಾಕುವಾಗ ಶಿವಪ್ರಕಾಶ್ ಬಂದು ಎದುರಿಗೆ ಕೂತ. ನಾಲ್ಕೂ ಪುಟ ಓದಿದ. ಪೆನ್ನು ಕೇಳಿ ತೆಗೆದುಕೊಂಡು, ಅವಳ ಸಹಿಯ ಕೆಳಗೆ ತನ್ನ ದಪ್ಪ ಅಕ್ಷರದಲ್ಲಿ ಸೇರಿಸಿದ: 'ಟ್ರೇಯನ್ನು ಬೇಕೆಂದೇ ಬೀಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ಹೇಳದೆ ಸುಮ್ಮನಿದ್ದದ್ದು ನನ್ನ ತಪ್ಪು.' ಸಹಿ ಹಾಕಿ, ದಿನಾಂಕ ಹಾಕಿ, ತಲೆಯೆತ್ತದೆ ಎದ್ದು ಹೋದ. ಅವಳು ಆ ಎರಡು ಸಾಲನ್ನು ಮತ್ತೆ ಮತ್ತೆ ಓದಿದಳು. ಸಿಟ್ಟು ಪೂರ್ತಿ ಹೋಗಲಿಲ್ಲ. ಆದರೆ ಅವತ್ತು ಅವನ ತಟ್ಟೆಗೆ ತಾನೇ ಬಡಿಸಿದಳು.

ಮೇಲ್ಮನವಿ ಕೊಡಬೇಕಾದ ಕಚೇರಿಯ ಟಪಾಲು ವಿಭಾಗದಲ್ಲಿ ಮರುಳಸಿದ್ದಪ್ಪ ಎಂಬ ನಿವೃತ್ತಿಗೆ ಹತ್ತಿರವಾದ ಗುಮಾಸ್ತರು ಕೂತಿದ್ದರು. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಹಾಳೆ ನೋಡಿದ ಕೂಡಲೇ ಅವರು ಹಿಂದಕ್ಕೆ ತಳ್ಳಿ ಏನೋ ಹೇಳಿದರು.

"ನಂಗೆ ಕಿವಿ ಕೇಳಲ್ಲ ಸಾರ್. ಬರೆದು ಕೊಡಿ."

ಅವರು ಗಟ್ಟಿಯಾಗಿ ಹೇಳಿದರು. ಕುತ್ತಿಗೆಯ ನರ ಉಬ್ಬಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಈ ಸಲ ತುಟಿ ಅವಳಿಗೆ ಚೆನ್ನಾಗಿಯೇ ಕಂಡಿತು: ಟೈಪ್ ಮಾಡಿಸಿ, ವಕೀಲರ ಮೂಲಕ ತನ್ನಿ. ಕಂಡರೂ ಅವಳು ಕದಲಲಿಲ್ಲ.

"ನೀವು ಎಷ್ಟು ಜೋರಾಗಿ ಕೂಗಿದ್ರೂ ನಂಗೆ ಒಂದೇ ಸಾರ್. ಯಾಕೆ ತಗೊಳ್ಳಲ್ಲ ಅಂತ ಬರೆದು ಕೊಡಿ. ತಗೊಂಡು ಹೋಗ್ತೀನಿ."

"ಸಾಹೇಬ್ರು ಇಲ್ಲ. ಸೋಮವಾರ ಬನ್ನಿ."

"ಅದನ್ನೂ ಬರೆದು ಕೊಡಿ."

ಮರುಳಸಿದ್ದಪ್ಪ ಸಿಟ್ಟಿನಿಂದ ಒಂದು ಚೀಟಿ ಎಳೆದುಕೊಂಡರು. 'ವಕೀಲರ ಮುಖಾಂತರ' ಎಂದು ಬರೆದರು. ಅಲ್ಲಿಗೆ ಪೆನ್ನು ನಿಂತಿತು. ಬರೆದದ್ದನ್ನು ಒಂದು ಸಲ ನೋಡಿದರು. ಬಾಯಲ್ಲಿ ಮೂವತ್ತು ವರ್ಷ ಹೇಳಿಕೊಂಡು ಬಂದ ಮಾತು ಅದು. ಹಾಳೆಯ ಮೇಲೆ, ತಮ್ಮದೇ ಕೈಬರಹದಲ್ಲಿ ಕಂಡಾಗ ಅವರಿಗೆ ಬೇರೆಯಾಗಿಯೇ ಕಂಡಿರಬೇಕು. ಅದರ ಕೆಳಗೆ ಸಹಿ ಬೇಕು, ಹೆಸರು ಬೇಕು, ಯಾವ ನಿಯಮ ಎಂದು ಹೇಳಬೇಕು. ಅಂಥ ನಿಯಮ ಇರಲಿಲ್ಲ.

ಉಷಾರಾಣಿ ಚೀಟಿಗಾಗಿ ಕೈ ಚಾಚಿಕೊಂಡೇ ನಿಂತಿದ್ದಳು.

ಅವರು ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ನಾಲ್ಕು ಪುಟಗಳನ್ನು ಎಳೆದುಕೊಂಡು ಮೊದಲಿನಿಂದ ಓದತೊಡಗಿದರು. ಸಾಲಿನಲ್ಲಿದ್ದವರು ಕೆಮ್ಮಿದರು, ಗೊಣಗಿದರು. ಅವರು ಎರಡನೆಯ ಪುಟದಲ್ಲಿ ಒಂದು ಕಡೆ ತಡೆದು ನಿಂತು ಇವಳ ಮುಖ ನೋಡಿದರು. ಓದಿ ಮುಗಿಸಿ, ಸೀಲು ಶಾಯಿಯಲ್ಲಿ ಒತ್ತಿ, ಅವಳು ತಂದಿದ್ದ ಎರಡೂ ಪ್ರತಿಗೆ ಗುದ್ದಿದರು. ಸಂಖ್ಯೆ ಬರೆದು ಸಹಿ ಹಾಕಿ ಅವಳ ಪ್ರತಿಯನ್ನು ಕೊಟ್ಟರು. ಆಮೇಲೆ ಕನ್ನಡಕ ತೆಗೆದು, ತುಟಿ ಬಿಡಿಸಿ ಬಿಡಿಸಿ ಹೇಳಿದರು:

"ಈ ಹಾಳೆ ಜೋಪಾನ ಕಣಮ್ಮ. ಮೂವತ್ತು ದಿನಕ್ಕೆ ಉತ್ತರ ಬರದಿದ್ರೆ ಇದನ್ನೇ ತಂದು ತೋರ್ಸು."

ಮೂವತ್ತು ದಿನಕ್ಕೆ ಬರಲಿಲ್ಲ. ಅವಳು ಹೋದಳು, ತೋರಿಸಿದಳು. ಒಬ್ಬ ಅಧಿಕಾರಿ ಕಡತ ಕಾಣೆಯಾಗಿದೆ ಎಂದ. "ಬರೆದು ಕೊಡಿ" ಎಂದಳು. ಕಡತ ಅರ್ಧ ಗಂಟೆಯಲ್ಲಿ ಸಿಕ್ಕಿತು. ಇನ್ನೊಬ್ಬರು, ಅವಳು ಕೇಳಿದ್ದ ಯಂತ್ರದ ಪರೀಕ್ಷೆಗೆ ಮೈಸೂರಿಗೆ ಕಳಿಸುವ ಅಧಿಕಾರ ತಮಗಿಲ್ಲ ಎಂದರು. "ಬರೆದು ಕೊಡಿ." ಮರುವಾರ ಕಳಿಸುವ ಪತ್ರ ಸಿದ್ಧವಾಯಿತು. ಬಾಯಲ್ಲಿ ಸಲೀಸಾಗಿ ಬರುವ ಸುಳ್ಳು ಹಾಳೆಗೆ ಇಳಿಯಲು ಇಷ್ಟು ಹೆದರುತ್ತದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಾದಷ್ಟೂ ಸಿಟ್ಟು ಹೆಚ್ಚಾಯಿತು. ಕಿವಿ ಕೇಳುವವರು, ಓದು ಬಾರದವರು ಎಷ್ಟು ಜನ ಈ ಮಾತುಗಳನ್ನು ಕೇಳಿಸಿಕೊಂಡು, ನಂಬಿ, ತೆಪ್ಪಗೆ ಬಸ್ಸು ಹತ್ತಿರಬಹುದು?

ಮೈಸೂರಿನಲ್ಲಿ ಪರೀಕ್ಷೆ ಮಾಡಿದವಳು ದಮಯಂತಿ ಎಂಬ ತಜ್ಞೆ. ಉಷಾರಾಣಿ ಬಾಯಿ ತೆರೆಯುವ ಮೊದಲೇ ಅವಳು ಚಿಕ್ಕ ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದಳು: 'ನಮಸ್ಕಾರ. ಕಣ್ಣು ಮುಚ್ಚಿ ಆರಾಮಾಗಿ ಮಲಗಿ. ನೋವಾಗಲ್ಲ.' ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿದಳು. ಮುಕ್ಕಾಲು ಗಂಟೆಯ ಮೇಲೆ ಎಬ್ಬಿಸಿ ಪರದೆಯನ್ನು ಇವಳ ಕಡೆ ತಿರುಗಿಸಿದಳು. ಶಬ್ದ ಮುಟ್ಟಿದ್ದರೆ ಗೆರೆ ಅಲೆಯಂತೆ ಏಳಬೇಕು ಎಂದು ಬರೆದಳು. ಗೆರೆ ಎಲ್ಲೂ ಎದ್ದಿರಲಿಲ್ಲ. ಕೆಳಗೆ ಬರೆದಳು: 'ಎರಡೂ ಕಿವಿ. ಪೂರ್ತಿ. ಇದರಲ್ಲಿ ಅನುಮಾನವೇ ಇಲ್ಲ.'

ಉಷಾರಾಣಿಯ ಕಣ್ಣಿನಿಂದ ನೀರು ಇಳಿಯಿತು. ದಮಯಂತಿ ಗಾಬರಿಯಾಗಿ ಅವಳ ಕೈ ಹಿಡಿದುಕೊಂಡಳು.

"ದುಃಖಕ್ಕಲ್ಲ ಮೇಡಂ. ಸಿಟ್ಟಿಗೆ. ಇಷ್ಟೇ ಕೆಲಸ ಇತ್ತಲ್ಲ. ಮುಕ್ಕಾಲು ಗಂಟೆ."

ಪ್ರಮಾಣಪತ್ರ ಬಂದಾಗ ಮೊದಲ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಗಿತ್ತು. ಶೇಕಡ ನೂರು ಎಂದಿತ್ತು. ಜೊತೆಗೆ ಬಂದ ಆದೇಶದಲ್ಲಿ ಒಂದೇ ಸಾಲು: 'ಪ್ರಕರಣವನ್ನು ಪರಿಶೀಲಿಸಿ ಪ್ರಮಾಣವನ್ನು ಪರಿಷ್ಕರಿಸಲಾಗಿದೆ.' ಟ್ರೇಯ ಮಾತಿಲ್ಲ. ಗೈರಿನ ಮಾತಿಲ್ಲ. ಮೂವತ್ತು ಹೇಗೆ ನೂರಾಯಿತೆಂಬ ಮಾತೂ ಇಲ್ಲ. ಪಿಂಚಣಿ ಮುಂದಿನ ತಿಂಗಳಿಂದ ಎಂದಿತ್ತು. ಕಳೆದ ಹದಿನಾಲ್ಕು ತಿಂಗಳು ಯಾರ ಲೆಕ್ಕಕ್ಕೂ ಸೇರಲಿಲ್ಲ.

ಕೀರ್ತಿಕುಮಾರ್ ತನ್ನ ಅಂಗಡಿಯಲ್ಲಿ 'ಉಷಕ್ಕಂದೂ ನಾನೇ ಮಾಡಿಸಿದ್ದು' ಎಂದು ಹೇಳಿಕೊಳ್ಳುತ್ತಿದ್ದಾನೆಂದು ಶಿವಪ್ರಕಾಶ್ ಒಂದು ದಿನ ಟೈಪ್ ಮಾಡಿ ತೋರಿಸಿದ. ಅವಳು ಚಪ್ಪಲಿ ಮೆಟ್ಟಿಕೊಂಡು ನೇರ ಅಲ್ಲಿಗೆ ಹೋದಳು. ಅಂಗಡಿಯಲ್ಲಿ ಅರ್ಜಿ ಹಿಡಿದ ನಾಲ್ಕೈದು ಜನರಿದ್ದರು. ಅವರಲ್ಲಿ ಚಲುವಮ್ಮ ಎಂಬ ಮುದುಕಿ, ಒಂದು ಕಣ್ಣು ಬೆಳ್ಳಗಾದವಳು.

"ನನ್ನ ಅರ್ಜಿ ನಾನೇ ಬರೆದಿದ್ದು" ಎಂದಳು ಉಷಾರಾಣಿ, ಎಲ್ಲರಿಗೂ ಕೇಳುವ ಹಾಗೆ. ಎಷ್ಟು ಜೋರಾಯಿತೋ ಅವಳಿಗೆ ಗೊತ್ತಾಗಲಿಲ್ಲ. "ಯಾರಿಗಾದ್ರೂ ಬರೆಯೋಕೆ ಬರದಿದ್ರೆ ನನ್ನ ಮನೆಗೆ ಬನ್ನಿ. ಒಂದು ಪೈಸೆ ಬೇಡ."

ಕೀರ್ತಿಕುಮಾರ್ ಯಂತ್ರದ ಮುಚ್ಚಳ ಎತ್ತಿ, ಇಲ್ಲದ ಕಾಗದ ಹುಡುಕತೊಡಗಿದ. ಚಲುವಮ್ಮ ತನ್ನ ಹಾಳೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಇವಳ ಹಿಂದೆಯೇ ಹೊರಟು ಬಂದಳು.

ಆ ಸಂಜೆ ಚಲುವಮ್ಮನ ಅರ್ಜಿ ಮುಗಿಸಿ ಕಳಿಸಿದ ಮೇಲೆ ಉಷಾರಾಣಿ ತನ್ನದೊಂದು ಹೊಸ ಪತ್ರ ಬರೆದಳು. ಮೂರೇ ಪ್ರಶ್ನೆ. ಟ್ರೇ ಬೀಳಿಸುವುದು ಯಾವ ನಿಯಮದ ಪರೀಕ್ಷೆ? ಆ ಹದಿನಾಲ್ಕು ತಿಂಗಳಿಗೆ ಯಾರು ಉತ್ತರ ಕೊಡುತ್ತೀರಿ? ಕಿವುಡರನ್ನು ಕೂಗಿ ಕರೆಯುವುದನ್ನು ಯಾವಾಗ ನಿಲ್ಲಿಸುತ್ತೀರಿ? ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀತಿಯನ್ನು ಕಡತಕ್ಕೆ ಸೇರಿಸಿದಳು.

ಇನ್ನೂ ಉತ್ತರ ಬಂದಿಲ್ಲ. ಮೊನ್ನೆ ಮಂಗಳವಾರ ಅವಳು ಎರಡನೆಯ ನೆನಪೋಲೆ ಹಾಕಿ ಬಂದಳು.